ಹದವಾದ ಗಲೀಜು

ಸೇವಾ ಶಿಬಿರದವರು ಬರುವ ಹಿಂದಿನ ದಿನ ಮ್ಯಾನೇಜರು ಬಕೆಟ್ಟಮ್ಮನನ್ನು ಕರೆದು, ಪ್ರತಿ ವರ್ಷ ಹೇಳುವುದನ್ನೇ ಮತ್ತೆ ಹೇಳಿದರು.

“ನೋಡಮ್ಮ, ಕಕ್ಕಸು ತೀರಾ ಕ್ಲೀನಾಗೂ ಇರಬಾರ್ದು. ಬಂದವರು ಆಮೇಲೆ ಏನು ತೊಳೀಬೇಕು? ತೀರಾ ಗಲೀಜಾಗೂ ಇರಬಾರ್ದು. ಹದವಾಗಿರ್ಲಿ.”

“ಆಯ್ತು ಸರ್.”

“ವಾಸನೆ ಬೇಡ.”

“ಬರಲ್ಲ ಸರ್.”

ಮುದುಕಿಯರ ಆಶ್ರಯಮನೆಯ ಮುಂಭಾಗದಲ್ಲಿ ಸಾಲಾಗಿ ಮೂರು ಕಕ್ಕಸುಗಳಿದ್ದವು. ಬಕೆಟ್ಟಮ್ಮ ಮೊದಲು ಅವಕ್ಕೆ ಆಸಿಡ್ ಸುರಿದು, ಮೂಗಿಗೆ ಸೆರಗು ಕಟ್ಟಿಕೊಂಡು, ಬಿಳುಪು ಕಣ್ಣಿಗೆ ಕುಕ್ಕುವ ತನಕ ಉಜ್ಜಿದಳು. ನೀರು ಹೊಯ್ದು ಒಣಗಲು ಬಿಟ್ಟಳು. ಆಮೇಲೆ ಅಡುಗೆಮನೆಯಿಂದ ಸೋಸಿ ಬಿಟ್ಟ ಟೀ ಪುಡಿ ತಂದಳು, ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತಂದಳು, ಒಲೆಯಿಂದ ಚೂರು ಮಸಿ ಕೆರೆದು ತಂದಳು. ಹಳೆಯ ಡಬ್ಬದಲ್ಲಿ ಎಲ್ಲವನ್ನೂ ಕಲಸಿ, ತೊಳೆದಿಟ್ಟ ಜಾಗಕ್ಕೆಲ್ಲ ಚಿಂದಿ ಬಟ್ಟೆಯಿಂದ ಬಳಿದಳು. ಮೂಲೆಗೆ ಸ್ವಲ್ಪ ದಪ್ಪಗೆ, ಗೋಡೆಗೆ ತೆಳ್ಳಗೆ. ಬಗ್ಗಿ ಉಜ್ಜಿದರೆ ಸೊಂಟ ಹಿಡಿಯುತ್ತದೆಂದು ಹೋದ ವರ್ಷ ಶಿಬಿರದವರೊಬ್ಬರು ದೂರಿದ್ದರಿಂದ ಈ ಸಲ ಕೆಳಗೆ ಕಡಿಮೆ, ಕೈಗೆಟಕುವ ಎತ್ತರದಲ್ಲಿ ಜಾಸ್ತಿ. ಕಕ್ಕಸಿನ ಗಲೀಜು ಮನುಷ್ಯನ ಎದೆಮಟ್ಟಕ್ಕೆ ಹೇಗೆ ಹತ್ತಿತು ಎಂದು ಯಾರೂ ಕೇಳುವವರಲ್ಲ.

ಇದು ಮ್ಯಾನೇಜರು ಪೆಟ್ಟು ತಿಂದು ಕಂಡುಕೊಂಡ ಉಪಾಯ. ಶಿಬಿರದ ಮೊದಲ ವರ್ಷ ಇಂಥದ್ದೇನೂ ಇರಲಿಲ್ಲ. ಪಟ್ಟಣದ ದೊಡ್ಡ ಚರ್ಚಿನಿಂದ ದೀನಸೇವೆ ಮಾಡಲು ಬಂದವರನ್ನು ಸೀದಾ ಹಿಂಭಾಗದ ಕಕ್ಕಸಿಗೆ ಕರೆದುಕೊಂಡು ಹೋಗಿದ್ದರು. ಹಾಸಿಗೆ ಹಿಡಿದವರ ಮಲಮೂತ್ರದ ಪ್ಯಾನುಗಳನ್ನೆಲ್ಲ ಸುರಿಯುವ ಕಕ್ಕಸು ಅದು. ಬಾಗಿಲು ತೆರೆದದ್ದಷ್ಟೇ. ಒಬ್ಬರು ವಾಂತಿ ಮಾಡಿಕೊಂಡರು. ಅದನ್ನು ನೋಡಿ ಇನ್ನೊಬ್ಬರು ಮಾಡಿಕೊಂಡರು. ಒಬ್ಬ ಎಂಜಿನಿಯರು ತಲೆ ತಿರುಗಿ ಬಿದ್ದು ಹಣೆ ಒಡೆದುಕೊಂಡ. ಬಕೆಟ್ಟಮ್ಮ ಕಕ್ಕಸು ತೊಳೆದಳು, ವಾಂತಿ ತೊಳೆದಳು, ಎಂಜಿನಿಯರ ರಕ್ತವನ್ನೂ ತೊಳೆದಳು. ಅಂದಿನಿಂದ ಶಿಬಿರ ಬಂದಾಗಲೆಲ್ಲ ಹಿಂಭಾಗಕ್ಕೆ ಬೀಗ. ಬಾಗಿಲಿಗೆ ‘ರಿಪೇರಿ’ ಅಂತ ಒಂದು ಹಲಗೆ.

ಬಕೆಟ್ಟಮ್ಮನಿಗೆ ದೀಕ್ಷಾಸ್ನಾನದ ದಿನ ಇಟ್ಟ ಒಂದು ಒಳ್ಳೆಯ ಹೆಸರಿತ್ತು. ಇಟ್ಟ ಪಾದ್ರಿಗಳು ತೀರಿಕೊಂಡ ಮೇಲೆ ಆ ಹೆಸರಲ್ಲಿ ಕರೆಯುವವರು ಯಾರೂ ಉಳಿಯಲಿಲ್ಲ. ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಓಡಾಡುವವಳು ಬಕೆಟ್ಟಮ್ಮ. ಅವಳ ಅವ್ವನೂ ಅದೇ ಆಶ್ರಯಮನೆಯಲ್ಲಿ ಅದೇ ಕೆಲಸ ಮಾಡಿದವಳು. ಪ್ರಭುವಿನ ಮನೆಯಲ್ಲಿ ಎಲ್ಲರೂ ಒಂದೇ ಎಂದು ಕೇಳಿ ತಾಯಿ ಮಗಳಿಬ್ಬರೂ ದೀಕ್ಷೆ ತೆಗೆದುಕೊಂಡಿದ್ದರು. ಹೇಳಿದ್ದು ಸುಳ್ಳೇನಲ್ಲ. ಚರ್ಚಿನಲ್ಲಿ ಅವರಿಗೂ ಬೆಂಚಿತ್ತು, ಹಿಂದೆ, ಚಪ್ಪಲಿ ಬಿಡುವ ಬಾಗಿಲ ಪಕ್ಕ. ಪ್ರಭುಭೋಜನದ ರೊಟ್ಟಿ ಅವರಿಗೂ ಸಿಗುತ್ತಿತ್ತು, ಕೊನೆಗೆ. ಆಶ್ರಯಮನೆಯಲ್ಲಿ ಅವಳಿಗೂ ಟೀ ಕೊಡುತ್ತಿದ್ದರು, ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿಟ್ಟ ಅವಳದೇ ಲೋಟದಲ್ಲಿ. ವಾರ್ಡಿನಲ್ಲಿ ಕುರ್ಚಿಗಳಿದ್ದವು. ಕೂರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಕೂತದ್ದನ್ನೂ ಯಾರೂ ನೋಡಿರಲಿಲ್ಲ.

ಅವಳಿಗೆ ನಂಬಿಕೆ ಇತ್ತು. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಬೆಳಗಾದರೆ ಮುದುಕಿಯರ ಕೆಳಗಿನಿಂದ ಪ್ಯಾನ್ ಎಳೆಯುವುದು, ತೊಳೆಯುವುದು, ಒರೆಸುವುದು, ಮಗ್ಗುಲು ಹೊರಳಿಸುವುದು, ಒದ್ದೆಯಾದ ದುಪ್ಪಟಿ ಎಳೆದು ಒಣಗಿದ್ದು ಹಾಸುವುದು. ಆಸಿಡ್ ತಿಂದ ಬೆರಳುಗಳ ಸಂದಿಯಲ್ಲಿ ಚರ್ಮ ಸೀಳಿತ್ತು; ಊಟದಲ್ಲಿ ಉಪ್ಪು ತಾಕಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಆದರೂ ಒಬ್ಬ ಮುದುಕಿಯನ್ನು ಒರೆಸಿ, ಮೈ ಒಣಗಿಸಿ, ಹೊದಿಕೆ ಎಳೆದು, ಆ ಮುದುಕಿ ‘ಹಾ’ ಅಂತ ಉಸಿರು ಬಿಟ್ಟಾಗ, ಪ್ರಭು ಎಲ್ಲೋ ಇಲ್ಲೇ ನಿಂತು ನೋಡುತ್ತಿದ್ದಾನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅವನೂ ಶಿಷ್ಯರ ಕಾಲು ತೊಳೆದವನಲ್ಲವೇ? ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಗ್ಗಿದವನು. ನೆಲ ಒರೆಸುವವರ ಕಷ್ಟ ಅವನಿಗೆ ಗೊತ್ತಿರಲೇಬೇಕು.

ಆ ಟವೆಲಿನ ನೆನಪಿಗೆಂದೇ ಶಿಬಿರದ ಕೊನೆಯ ದಿನ ಒಂದು ಕಾರ್ಯಕ್ರಮವಿತ್ತು. ದೊಡ್ಡ ಚರ್ಚಿನ ಪಾದ್ರಿಗಳು, ಎಲ್ಲರೂ ಅಯ್ಯನವರು ಅನ್ನುವವರು, ಶಿಬಿರದವರ ಹೆಗಲ ಮೇಲೆ ಒಂದೊಂದು ಬಿಳಿ ಟವೆಲು ಹಾಕಿ, ತಲೆಯ ಮೇಲೆ ಕೈಯಿಟ್ಟು, ಲೋಕಕ್ಕೆ ಸೇವಕರನ್ನಾಗಿ ಕಳಿಸುತ್ತಿದ್ದರು. ಟವೆಲು ಒಗೆದು ಇಸ್ತ್ರಿ ಮಾಡಿ ಇಡುತ್ತಿದ್ದವಳು ಬಕೆಟ್ಟಮ್ಮ. ಒಂದು ವರ್ಷ ಧೈರ್ಯ ಮಾಡಿ ಕೇಳಿಯೂ ಬಿಟ್ಟಿದ್ದಳು.

“ಅಯ್ನೋರೇ, ನನಗೂ ಒಂದು ಹಾಕ್ತೀರಾ?”

ಅಯ್ಯನವರು ಒಳ್ಳೆಯವರು. ಸಿಟ್ಟಾಗಲಿಲ್ಲ. ಇನ್ನೇನು ಅವಳ ಭುಜ ಮುಟ್ಟಿಯೇ ಬಿಡುತ್ತಾರೆ ಅನ್ನುವಷ್ಟು ಹತ್ತಿರ ಕೈ ತಂದು, ಬಿಡಿಸಿ ಹೇಳಿದರು. “ಸೇವೆ ಅಂದ್ರೆ ಪ್ರತಿಫಲ ಇಲ್ದೆ ಮಾಡೋದಮ್ಮ. ನಿನಗೆ ಸಂಬಳ ಬರುತ್ತಲ್ಲ? ನಿನ್ನದು ಕೆಲಸ. ಅದೇನು ಕಮ್ಮಿ ಅಲ್ಲ.”

“ಹೌದು ಅಯ್ನೋರೇ,” ಅಂದಳು. ಸಂಬಳ ಬರುತ್ತಿದ್ದದ್ದು ನಿಜ. ಎಷ್ಟು ಎಂಬುದು ಬೇಡ. ಕೇಳಿದರೆ ಅದೂ ಸೇವೆಯೇ ಎಂದು ನಿಮಗೆ ಅನ್ನಿಸೀತು.

ಅವ್ವ ಬಿದ್ದದ್ದು ಎರಡು ತುಂಬಿದ ಬಕೆಟ್ಟು ಹಿಡಿದು ವಾರ್ಡಿನ ಮೆಟ್ಟಿಲು ಇಳಿಯುವಾಗ. ಸೊಂಟದ ಮೂಳೆ ಮುರಿಯಿತು. ಅಷ್ಟಾದರೂ ಬಕೆಟ್ಟು ಚೆಲ್ಲಲಿಲ್ಲ ಎಂದು ಮ್ಯಾನೇಜರು ಅವತ್ತು ಮೆಚ್ಚಿಕೊಂಡಿದ್ದರು. ಅಂದಿನಿಂದ ಅವಳು ಎದ್ದಿಲ್ಲ. ತಾಯಿ ಮಗಳಿಗೆ ಇರಲು ಕೊಟ್ಟದ್ದು ಆಶ್ರಯಮನೆಯ ಹಿಂದಿನ ಹಳೆಯ ಕೊಟ್ಟಿಗೆ. ಮುಂಚೆ ಅಲ್ಲಿ ಹಸುಗಳಿದ್ದವು. ಹಸುಗಳಿಗೆ ಆ ಥಂಡಿ ಒಗ್ಗುವುದಿಲ್ಲ ಎಂದು ದನದ ಡಾಕ್ಟರು ಹೇಳಿದ ಮೇಲೆ ಅವನ್ನು ಮಾರಿದ್ದರು. ಈಗ ಒಂದು ಅರ್ಧದಲ್ಲಿ ವಾರ್ಡಿನ ಒದ್ದೆ ದುಪ್ಪಟಿಗಳು, ಇನ್ನೊಂದು ಅರ್ಧದಲ್ಲಿ ತಾಯಿ ಮಗಳು. ಹಸಿ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಅವ್ವ. ಮಲಗಿ ಮಲಗಿ ಅವಳ ಸೊಂಟದ ಕೆಳಗೆ ಹುಣ್ಣಾಗಿತ್ತು. ಮೊದಲು ನಾಣ್ಯದಷ್ಟಿತ್ತು. ಈಗ ಬಕೆಟ್ಟಮ್ಮ ಅಂಗೈ ಅಡ್ಡ ಇಟ್ಟರೂ ಮುಚ್ಚುತ್ತಿರಲಿಲ್ಲ.

ವಾರ್ಡಿನ ನರ್ಸಮ್ಮ ಬಂದು ನೋಡಿ ಹೋಗಿದ್ದಳು. “ನಾನು ಮುಲಾಮು ಹಚ್ಚಬಹುದು ಅಷ್ಟೇ ಕಣೇ. ಈ ಹಸೀಲಿ ಒಣಗಲ್ಲ. ಮಂಚ ಬೇಕು, ಗಾಳಿ ಬೇಕು, ಬಿಸಿಲು ಬೇಕು. ಇಲ್ಲೇ ಇದ್ರೆ ಮೂಳೆಗೆ ಇಳಿಯುತ್ತೆ. ಮೂಳೆಗೆ ಇಳಿದ ಮೇಲೆ ನನ್ನ ಕರೀಬೇಡ, ಅಯ್ನೋರನ್ನ ಕರಿ.”

ವಾರ್ಡಿನ ಕಿಟಕಿ ಪಕ್ಕದ ಮಂಚ ಖಾಲಿ ಇತ್ತು. ಅದರಲ್ಲಿದ್ದ ಮುದುಕಿ ತೀರಿಕೊಂಡಿದ್ದಳು. ಬಕೆಟ್ಟಮ್ಮ ಹೋಗಿ ಮ್ಯಾನೇಜರನ್ನು ಕೇಳಿದಳು.

“ಈ ಮನೆ ಇರೋದು ದಿಕ್ಕಿಲ್ಲದವರಿಗೆ. ನಿಮ್ಮಮ್ಮನಿಗೆ ನೀನಿದ್ದೀಯಲ್ಲ.”

“ನಾನಿದ್ದೂ ಹುಣ್ಣು ಒಣಗ್ತಿಲ್ಲ ಸರ್.”

“ನಿಯಮ ನಾನು ಮಾಡಿದ್ದಲ್ಲಮ್ಮ. ಕೆಲಸದವರ ಕಡೆಯವರಿಗೆಲ್ಲ ಮಂಚ ಕೊಡ್ತಾ ಹೋದ್ರೆ ದಿಕ್ಕಿಲ್ಲದವರು ಎಲ್ಲಿಗೆ ಹೋಗ್ಬೇಕು?”

ದಿಕ್ಕಿಲ್ಲದವರು ಯಾರೂ ಬಂದಿರಲಿಲ್ಲ. ಮಂಚ ಖಾಲಿಯೇ ಇತ್ತು. ಬಕೆಟ್ಟಮ್ಮ ಅದರ ದೂಳು ಒರೆಸುತ್ತಿದ್ದಳು.

ಹೀಗಿರುವಾಗ ಈ ಸಲದ ಶಿಬಿರ ಹತ್ತಿರ ಬಂತು. ಕಕ್ಕಸಿಗೆ ಗಲೀಜು ಬಳಿದು ಮುಗಿಯಿತು. ಮ್ಯಾನೇಜರಿಗೆ ಇನ್ನೊಂದು ತಾಪತ್ರಯ ಉಳಿದಿತ್ತು. ಗಲೀಜನ್ನು ಕಲಸಬಹುದು, ಹದವಾದ ರೋಗಿಯನ್ನು ಎಲ್ಲಿಂದ ತರುವುದು? ಶಿಬಿರದ ಮುಖ್ಯ ಸೇವೆಯೆಂದರೆ ಹಾಸಿಗೆ ಹಿಡಿದವರ ಮೈ ತೊಳೆಯುವುದು. ವಾರ್ಡಿನ ಮುದುಕಿಯರು ಈ ಸಲ ಒಗ್ಗಟ್ಟಾಗಿ ಒಲ್ಲೆವೆಂದರು. ಹೋದ ವರ್ಷ ಗುರುತು ಪರಿಚಯ ಇಲ್ಲದ ಹೆಂಗಸರು ಬಂದು, ಅವರ ಬಟ್ಟೆ ಬಿಚ್ಚಿ, ಹಾಡು ಹೇಳುತ್ತ ತೊಳೆದು, ಫೋಟೋ ತೆಗೆಸಿಕೊಂಡು ಹೋಗಿದ್ದರು. ಬಾಗಿಲ ಬಳಿಯ ಮಂಚದ ಟೀಚರಜ್ಜಿ, ಒಂದು ಕಾಲದಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವಳು, ಒಬ್ಬರ ಕೈ ಕಚ್ಚಿದ್ದಳು. ಈ ಸಲವೂ ಕಚ್ಚುತ್ತೇನೆಂದು ಮುಂಚಿತವಾಗಿಯೇ ತಿಳಿಸಿದ್ದಳು.

ಮ್ಯಾನೇಜರು ಕೊಟ್ಟಿಗೆಯ ಬಾಗಿಲಿಗೆ ಬಂದರು. ಅಲ್ಲಿಗೆ ಅವರು ಬಂದದ್ದು ಅದೇ ಮೊದಲು. ಒಳಗೆ ಕಾಲಿಡಲಿಲ್ಲ.

“ನಿಮ್ಮಮ್ಮನ್ನ ಮೂರು ದಿನ ಆ ಕಿಟಕಿ ಮಂಚಕ್ಕೆ ಹಾಕು. ಶಿಬಿರದವರು ತೊಳೀತಾರೆ. ಹೊಸ ದುಪ್ಪಟಿ ಹಾಸು.”

ಬಕೆಟ್ಟಮ್ಮ ಕೈಯಲ್ಲಿದ್ದ ದುಪ್ಪಟಿ ಬಿಟ್ಟು ಎದ್ದಳು. “ಮೂರು ದಿನ ಆದ್ಮೇಲೆ ಸರ್?”

“ಆಮೇಲೆ ನೋಡೋಣ.”

‘ಆಮೇಲೆ ನೋಡೋಣ’ ಎಂಬುದನ್ನು ಬಕೆಟ್ಟಮ್ಮ ಕೊಟ್ಟ ಮಾತೆಂದು ತಿಳಿದಳು. ಕೆಲಸದವರು ಮಾತ್ರ ಮಾಡುವ ತಪ್ಪು ಅದು. ಅವ್ವನನ್ನು ಬೆನ್ನಿಗೆ ಹಾಕಿಕೊಂಡು, ಅವಳು ಬಿದ್ದಿದ್ದ ಅದೇ ಮೆಟ್ಟಿಲು ಹತ್ತಿದಳು. ಅವ್ವನಿಗೆ ನೋವಾಗುತ್ತಿತ್ತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ಈಗ ನಾನೇನಂತೆ?”

“ರೋಗಿ ಅವ್ವ.”

“ಇಲ್ಲೀ ತನಕ ಏನಾಗಿದ್ದೆ?”

“ಕೆಲಸದವಳು.”

“ಬಿದ್ದ ಮೇಲೆ ಬಡ್ತಿ ಸಿಕ್ತು ನೋಡು.”

ಶಿಬಿರದವರು ಬಸ್ಸಿನಲ್ಲಿ ಬಂದಿಳಿದರು. ಹಾಡು ಹೇಳಿದರು. ನೀಲಿ ಏಪ್ರನ್ ಕಟ್ಟಿಕೊಂಡು, ಮೊಣಕೈ ತನಕ ಗ್ಲೌಸ್ ಏರಿಸಿಕೊಂಡು ಮುಂಭಾಗದ ಕಕ್ಕಸುಗಳಿಗೆ ನುಗ್ಗಿದರು. ಬಕೆಟ್ಟಮ್ಮ ಅವರಿಗೆ ನೀರು ಹೊತ್ತು ಹಾಕಿದಳು. ಒಬ್ಬ ಗಂಡಸು ಎದೆಮಟ್ಟದ ಕಲೆಯನ್ನು ಉಜ್ಜುತ್ತ, “ಇದು ಹೋಗುತ್ತೇನಮ್ಮ?” ಎಂದು ಕೇಳಿದ. “ಹೋಗುತ್ತೆ ಸರ್. ಹೋಗೋಂಥದ್ದೇ ಅದು,” ಅಂದಳು. ಎಷ್ಟು ಆಳವಾದ ಮಾತು ಎಂದು ಅವನು ಪಕ್ಕದವನಿಗೆ ಹೇಳಿದ. ಸಂಜೆ ಅವರೆಲ್ಲ ಪ್ರಾರ್ಥನೆಗೆ ಕೂತಾಗ ಅವಳು ಹಿಂಭಾಗದ ಬೀಗ ತೆಗೆದು, ದಿನವಿಡೀ ಮುಚ್ಚಿಟ್ಟ ಪ್ಯಾನುಗಳನ್ನು ಒಂದೊಂದಾಗಿ ಸುರಿದು ತೊಳೆದಳು.

ಅವ್ವನನ್ನು ತೊಳೆಯಲು ಬಂದವರು ವಕೀಲರ ಹೆಂಡತಿ. ಕೆಟ್ಟ ಹೆಂಗಸಲ್ಲ. ಬಿಸಿನೀರು, ಪರಿಮಳದ ಸೋಪು, ಮೆತ್ತನೆಯ ಬಟ್ಟೆ. ಅವ್ವನನ್ನು ಮಗ್ಗುಲು ಹೊರಳಿಸಿ ಹುಣ್ಣು ನೋಡಿದವರೇ ಗಳಗಳ ಅತ್ತರು.

“ಅಯ್ಯೋ, ಯಾರಮ್ಮ ನಿಮ್ಮನ್ನ ಹೀಗೆ ಬಿಟ್ಟದ್ದು?”

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು ಕೆಮ್ಮಿದರು. ಅವ್ವ ಅವರನ್ನು ನೋಡಿದಳು, ಆಮೇಲೆ ವಕೀಲರ ಹೆಂಡತಿಯನ್ನು ನೋಡಿದಳು.

“ಅಳಬೇಡಮ್ಮ. ನೀರು ಆರಿ ಹೋಗುತ್ತೆ.”

ಬಕೆಟ್ಟಮ್ಮ ಕೊಳೆನೀರು ಎತ್ತಿಕೊಂಡು ಹೋಗುತ್ತಿದ್ದಳು. ಅವಳು ಯಾರು ಎಂದು ವಕೀಲರ ಹೆಂಡತಿ ಕೇಳಲಿಲ್ಲ. ಬಕೆಟ್ಟು ಒಯ್ಯುವವಳು ಯಾರು ಎಂದು ಯಾರು ಕೇಳುತ್ತಾರೆ?

ಬೆಳಗಿನ ಬಿಸಿಲು ಕಿಟಕಿಯಿಂದ ನೇರವಾಗಿ ಅವ್ವನ ಮಂಚಕ್ಕೆ ಬೀಳುತ್ತಿತ್ತು. ಕೊನೆಯ ದಿನ ಬೆಳಿಗ್ಗೆ ನರ್ಸಮ್ಮ ಬ್ಯಾಂಡೇಜು ಬಿಚ್ಚಿ ನೋಡಿ, ಬಕೆಟ್ಟಮ್ಮನನ್ನು ಕೈಸನ್ನೆ ಮಾಡಿ ಕರೆದಳು. ಹುಣ್ಣಿನ ಅಂಚು ಒಣಗಿ ಕೆಂಪಗಾಗಿತ್ತು. ಕೀವು ನಿಂತಿತ್ತು.

“ಒಣಗೋಕೆ ಹಿಡೀತು ಕಣೇ. ಇಲ್ಲೇ ಇದ್ರೆ ಬದುಕ್ತಾಳೆ.”

“ನನಗೂ ನಿದ್ದೆ ಬಂತು,” ಅಂದಳು ಅವ್ವ. “ಬೆನ್ನ ಕೆಳಗೆ ಒಣಗಿರೋದು ಅಂದ್ರೆ ಹೀಗಿರುತ್ತೆ ಅಂತ ಮರೆತೇ ಹೋಗಿತ್ತು. ಇದಕ್ಕೇ ಈ ಮುದುಕಿಯರು ಬೇಗ ಸಾಯಲ್ಲ.”

ಬಕೆಟ್ಟಮ್ಮ ನೀರಿನ ತೊಟ್ಟಿಯ ಹಿಂದೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಸಂತೋಷಕ್ಕೆ ಅತ್ತಳು. ಅವ್ವ ಬದುಕುತ್ತಾಳೆ. ಮುಖ ತೊಳೆದುಕೊಂಡು ಬಂದು ಟವೆಲುಗಳಿಗೆ ಇಸ್ತ್ರಿ ಹಾಕಿದಳು.

ರೋಗಿಗಳೂ ನೋಡಲಿ ಎಂದು ಈ ಸಲ ಕಾರ್ಯಕ್ರಮ ವಾರ್ಡಿನಲ್ಲೇ ಆಯಿತು. ಅಯ್ಯನವರು ಬಿಳಿ ನಿಲುವಂಗಿ ತೊಟ್ಟು ದೀನತೆಯ ಬಗ್ಗೆ ಚೆನ್ನಾಗಿ ಮಾತನಾಡಿದರು. ಟವೆಲು ಹಾಕಿದರು, ತಲೆಯ ಮೇಲೆ ಕೈಯಿಟ್ಟರು. ವಕೀಲರ ಹೆಂಡತಿ ಮುಂದೆ ಬಂದು ಸಾಕ್ಷಿ ಹೇಳಿದರು. “ನಾನು ಇಲ್ಲಿ ಒಬ್ಬ ಮುದುಕಿಯನ್ನ ತೊಳೆಯೋಕೆ ಬಂದೆ. ಆದ್ರೆ ಆ ಹಾಸಿಗೆ ಮೇಲೆ ನಾನು ಕಂಡದ್ದು ಪ್ರಭುವನ್ನ. ನಾನು ತೊಳೆದದ್ದು ಪ್ರಭುವಿನ ಗಾಯವನ್ನ.” ಎಲ್ಲರೂ ಕಣ್ಣೊರೆಸಿಕೊಂಡರು. ಟೀಚರಜ್ಜಿ ಆಕಳಿಸಿದಳು.

ಆಮೇಲೆ ಟೀ. ಎಲ್ಲರೂ ಲೋಟ ಹಿಡಿದು ನಿಂತಿರುವಾಗ ಮ್ಯಾನೇಜರು ಬಕೆಟ್ಟಮ್ಮನನ್ನು ಪಕ್ಕಕ್ಕೆ ಕರೆದರು.

“ಇನ್ನೇನು ಬಸ್ಸು ಹೊರಡುತ್ತೆ. ಹೊರಟ ಕೂಡ್ಲೇ ನಿಮ್ಮಮ್ಮನ್ನ ಕೆಳಗೆ ಒಯ್ದುಬಿಡು. ದುಪ್ಪಟಿ ಒಗೆದು ಹಾಕು.”

“ಸರ್, ಆಮೇಲೆ ನೋಡೋಣ ಅಂದಿದ್ರಿ.”

“ನೋಡ್ದೆ. ಆಗಲ್ಲ.”

“ಹುಣ್ಣು ಒಣಗ್ತಿದೆ ಸರ್. ನರ್ಸಮ್ಮನ್ನ ಕೇಳಿ.”

“ಒಣಗ್ತಿದ್ರೆ ಒಳ್ಳೇದೇ ಆಯ್ತಲ್ಲ. ಇನ್ನೇನು?”

ಬಕೆಟ್ಟಮ್ಮ ನಿಂತಳು. ಅವಳ ಕೈಯಲ್ಲಿ ಎಂಜಲು ಲೋಟಗಳ ತಟ್ಟೆ ಇತ್ತು. ಕೊಟ್ಟಿಗೆಯ ಹಸಿ ನೆಲ ಅವಳ ಕಣ್ಣಿಗೆ ಬಂತು. ಅವ್ವನನ್ನು ಬೆನ್ನ ಮೇಲೆ ಹೊತ್ತು, ಆ ಮೆಟ್ಟಿಲು ಇಳಿದು, ಆ ಚಾಪೆಯ ಮೇಲೆ ತನ್ನ ಕೈಯಾರೆ ಮಲಗಿಸಬೇಕು. ಮೂಳೆಗೆ ಇಳಿಯುವ ತನಕ ಕಾಯಬೇಕು. ಅವಳು ತಟ್ಟೆಯನ್ನು ನೆಲದ ಮೇಲಿಟ್ಟಳು.

“ನಾನು ಎತ್ತಲ್ಲ.”

“ಏನಂದೆ?”

“ಎತ್ತಲ್ಲ ಸರ್. ನನ್ನ ಕೈಯಲ್ಲಿ ಆಗಲ್ಲ ಅಂತಲ್ಲ. ಎತ್ತಲ್ಲ.”

ಅವಳ ದನಿ ಅಷ್ಟು ಜೋರಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಟೀ ಕುಡಿಯುತ್ತಿದ್ದವರು ತಿರುಗಿದರು. ಅಯ್ಯನವರು ಹತ್ತಿರ ಬಂದರು. “ಏನು ವಿಷಯ?”

“ಏನಿಲ್ಲ ಅಯ್ನೋರೇ,” ಅಂದರು ಮ್ಯಾನೇಜರು. “ಒಬ್ಬ ರೋಗಿಯ ಜಾಗ ಬದಲಾಯಿಸ್ಬೇಕಿತ್ತು. ಇವಳು ತಕರಾರು ತೆಗೀತಿದ್ದಾಳೆ.”

“ರೋಗಿ ನಮ್ಮವ್ವ,” ಅಂದಳು ಬಕೆಟ್ಟಮ್ಮ. “ಈ ಮನೆ ಗಲೀಜು ಹೊತ್ತು ಹೊತ್ತು ಸೊಂಟ ಮುರ್ಕೊಂಡೋಳು. ಹಿಂದೆ ಕೊಟ್ಟಿಗೇಲಿ ಹಸಿ ನೆಲದ ಮೇಲೆ ಕೊಳೀತಿದ್ಲು. ನಿಮಗೆ ತೊಳೆಯೋಕೆ ರೋಗಿ ಬೇಕು ಅಂತ ಮೂರು ದಿನಕ್ಕೆ ಇಲ್ಲಿಗೆ ತಂದ್ರು. ಈಗ ನಿಮ್ಮದು ಮುಗೀತು. ವಾಪಸ್ ಕೊಟ್ಟಿಗೆಗೆ ಹಾಕು ಅಂತಾರೆ.”

ವಕೀಲರ ಹೆಂಡತಿಯ ಮುಖ ಬಿಳಿಚಿಕೊಂಡಿತು. “ಇವರು... ನಿನ್ನ ಅಮ್ಮನಾ?”

“ಹೌದಕ್ಕ. ನೀವು ಪ್ರಭುವನ್ನ ಕಂಡೆ ಅಂದ್ರಲ್ಲ, ಅವಳೇ. ಸರಿ, ನೀವೆಲ್ಲ ಇದ್ದೀರಿ. ಹೆಗಲ ಮೇಲೆ ಟವೆಲ್ ಇದೆ. ಸೇರಿ ಎತ್ತಿ. ಪ್ರಭುವನ್ನ ಎತ್ಕೊಂಡು ಹೋಗಿ ಕೊಟ್ಟಿಗೇಲಿ ಹಾಕಿ. ಹುಟ್ಟಿದ್ದೂ ಅಂಥಲ್ಲೇ, ಅವನಿಗೆ ಅಭ್ಯಾಸ ಇದೆ.”

ಅಯ್ಯನವರು ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟರು. ಮ್ಯಾನೇಜರ ಕಿವಿ ಕೆಂಪಾಯಿತು.

“ನಾಳೆಯಿಂದ ನೀನು ಕೆಲಸಕ್ಕೆ ಬರ್ಬೇಡ.”

“ಆಯ್ತು ಸರ್.”

ಅವಳು ಸೊಂಟಕ್ಕೆ ಕಟ್ಟಿಕೊಂಡಿದ್ದ ಕೆಲಸದ ಏಪ್ರನ್ ಬಿಚ್ಚಿ, ಮಡಿಸಿ, ಅವರ ಪಕ್ಕದ ಕುರ್ಚಿಯ ಮೇಲಿಟ್ಟಳು. “ಕೆಲಸ ಹೋಯ್ತು. ಕೆಲಸದ ಜೊತೆ ಕೊಟ್ಟಿಗೇನೂ ಹೋಯ್ತು. ಈಗ ನನಗೆ ಸಂಬಳ ಇಲ್ಲ, ಇರೋಕೆ ಜಾಗ ಇಲ್ಲ. ಅವ್ವನ್ನ ಎಲ್ಲಿ ಇಟ್ಕೊಳ್ಳಲಿ? ಅವಳಿಗೆ ದಿಕ್ಕಿಲ್ಲ. ನಿಮ್ಮ ನಿಯಮಕ್ಕೆ ಸರಿ ಹೋಯ್ತಲ್ಲ ಸರ್?”

“ಸರಿ ಹೋಯ್ತು,” ಅಂದಳು ಅವ್ವ ಮಂಚದ ಮೇಲಿನಿಂದ. “ನಾನು ದಿಕ್ಕಿಲ್ಲದವಳು. ಈ ಹುಡುಗಿ ಯಾರೋ ನನಗೆ ಗೊತ್ತೇ ಇಲ್ಲ.”

ಹೊರಗೆ ಬಸ್ಸಿನ ಹಾರನ್ ಆಯಿತು. ಅಷ್ಟರಲ್ಲಿ ಬಾಗಿಲ ಬಳಿಯ ಮಂಚದಿಂದ ಟೀಚರಜ್ಜಿಯ ದನಿ ಬಂತು.

“ನಿಮ್ಮ ಮಾತು ಆಮೇಲೆ ಆಡ್ಕೊಳ್ಳಿ. ಯಾರಾದ್ರೂ ಪ್ಯಾನ್ ಇಡಿ. ನನಗೆ ತಡೆಯೋಕಾಗಲ್ಲ.”

ಎಲ್ಲರೂ ಬಕೆಟ್ಟಮ್ಮನನ್ನು ನೋಡಿದರು. ಬಕೆಟ್ಟಮ್ಮ ಗೋಡೆ ನೋಡಿದಳು. ಅವಳು ಈಗ ಕೆಲಸದವಳಲ್ಲ. ಮ್ಯಾನೇಜರು ನರ್ಸಮ್ಮನಿಗಾಗಿ ಅತ್ತಿತ್ತ ಕಣ್ಣಾಡಿಸಿದರು. ನರ್ಸಮ್ಮ ಔಷಧಿ ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು, ಬರಲಿಲ್ಲ. ವಕೀಲರ ಹೆಂಡತಿ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತರು. ಟೀಚರಜ್ಜಿ ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡಿದ್ದಳು. ಇಷ್ಟು ಜನರ ಮುಂದೆ ಹಾಸಿಗೆಯಲ್ಲೇ ಆಗಿಬಿಡುತ್ತದೆಂದು ಆ ಹಣ್ಣು ಹಣ್ಣು ಮುದುಕಿ ನಾಚಿಕೆಯಿಂದ ನಡುಗುತ್ತಿದ್ದಳು.

ಬಕೆಟ್ಟಮ್ಮನಿಗೆ ನೋಡಲಾಗಲಿಲ್ಲ. ಮ್ಯಾನೇಜರಿಗೆ ಬಗ್ಗುವುದು ಬೇರೆ, ಇದು ಬೇರೆ. ದಾಪುಗಾಲು ಹಾಕಿ ಹೋದಳು. ಮಂಚದ ಕೆಳಗಿನಿಂದ ಪ್ಯಾನ್ ಎಳೆದು, ಒಂದು ಕೈಯಲ್ಲಿ ಟೀಚರಜ್ಜಿಯ ಸೊಂಟ ಎತ್ತಿ, ಇನ್ನೊಂದು ಕೈಯಲ್ಲಿ ಇಟ್ಟಳು. ಜನರಿಗೆ ಕಾಣದ ಹಾಗೆ ಸೆರಗು ಅಗಲಿಸಿ ಅಡ್ಡ ನಿಂತಳು. “ಆಯ್ತಜ್ಜಿ, ನಿಧಾನ. ಯಾರೂ ನೋಡ್ತಿಲ್ಲ.” ಒರೆಸಿದಳು. ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದಳು. ಹೊದಿಕೆ ಎಳೆದಳು. ಟೀಚರಜ್ಜಿ ‘ಹಾ’ ಎಂದು ಉಸಿರು ಬಿಟ್ಟಳು.

ಬಕೆಟ್ಟಮ್ಮ ತುಂಬಿದ ಪ್ಯಾನ್ ಹಿಡಿದು ತಿರುಗಿದಳು. ವಾಸನೆ ವಾರ್ಡಿನ ಆ ತುದಿಗೂ ಮುಟ್ಟಿತು. ಹಲವರು ಹೆಗಲ ಮೇಲಿನ ಟವೆಲನ್ನು ಮೂಗಿಗೆ ಹಿಡಿದರು. ಟವೆಲುಗಳಿಗೆ ಸಿಕ್ಕ ಮೊದಲ ಕೆಲಸ ಅದು. ಅವಳು ನೇರವಾಗಿ ಅಯ್ಯನವರ ಮುಂದೆ ಹೋಗಿ ನಿಂತಳು.

“ಅಯ್ನೋರೇ, ಈಗ ಮಾಡಿದ್ದಕ್ಕೆ ನನಗೆ ಸಂಬಳ ಇಲ್ಲ. ನಿಮ್ಮ ಲೆಕ್ಕದಲ್ಲಿ ಇದು ಸೇವೆ.”

“ಹೌದಮ್ಮ,” ಅಂದರು ಅಯ್ಯನವರು. ಉಸಿರು ಬಿಗಿಹಿಡಿದಿದ್ದರು.

“ಅರ್ಧ ನಾನು ಮಾಡ್ದೆ. ಉಳಿದರ್ಧ ನೀವು ಮಾಡಿ.”

ಪ್ಯಾನ್ ಮುಂದೆ ಚಾಚಿದಳು. ಏನು ಚಾಚಿದರೂ ಎರಡೂ ಕೈಯಿಂದ ತೆಗೆದುಕೊಳ್ಳುವುದು ಅಯ್ಯನವರಿಗೆ ರೂಢಿ. ಕಾಣಿಕೆ ತಟ್ಟೆ ಹಿಡಿದು ಹಿಡಿದು ಬಂದದ್ದು. ತೆಗೆದುಕೊಂಡುಬಿಟ್ಟರು. ತೆಗೆದುಕೊಂಡ ಮೇಲೆ ಇಡಲು ಎಲ್ಲೂ ಜಾಗವಿರಲಿಲ್ಲ.

“ಅಯ್ನೋರೇ, ಕೊಡಿ ಇಲ್ಲಿ, ನೀವ್ಯಾಕೆ...” ಅಂದರು ಮ್ಯಾನೇಜರು. ಕೈ ಮಾತ್ರ ಚಾಚಲಿಲ್ಲ.

“ಎಲ್ಲಿ ಸುರೀಬೇಕಮ್ಮ?” ಎಂದು ಅಯ್ಯನವರು ಕೇಳಿದರು.

“ಹಿಂದೆ. ಬೀಗ ತೆಗೆದಿದೆ.”

ಅಯ್ಯನವರು ನಡೆದರು. ಚೆಲ್ಲದ ಹಾಗೆ, ಸಣ್ಣ ಸಣ್ಣ ಹೆಜ್ಜೆ ಇಟ್ಟು. ಶಿಬಿರದವರು ಎರಡೂ ಕಡೆ ಸರಿದು ದಾರಿ ಬಿಟ್ಟರು. ಹಿಂಭಾಗದ ಬಾಗಿಲು ಕಿರುಗುಟ್ಟಿತು. ಓಕರಿಕೆಯ ಸದ್ದು ಕೇಳಿಸಿತು. ಆಮೇಲೆ ನೀರಿನ ಸದ್ದು. ಬಹಳ ಹೊತ್ತಾಯಿತು. ಬಸ್ಸಿನ ಹಾರನ್ ಮತ್ತೆ ಆಯಿತು, ಅಯ್ಯನವರನ್ನು ಬಿಟ್ಟು ಹತ್ತುವ ಹಾಗಿರಲಿಲ್ಲ. ಕೊನೆಗೆ ಅವರು ಬಂದರು. ನಿಲುವಂಗಿಯ ಮುಂಭಾಗ ಒದ್ದೆಯಾಗಿತ್ತು, ಕಣ್ಣಲ್ಲಿ ನೀರಿತ್ತು. ಪ್ಯಾನ್ ಕೊಟ್ಟರು. ಬಕೆಟ್ಟಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಸರಿಯಾಗಿ ತೊಳೆದಿಲ್ಲ ಅಯ್ನೋರೇ.”

ಅಯ್ಯನವರೂ ಬಗ್ಗಿ ನೋಡಿದರು. ಮಾತು ನಿಜವಾಗಿತ್ತು. ಪ್ಯಾನ್ ತೆಗೆದುಕೊಂಡು ಮತ್ತೆ ಹಿಂದಕ್ಕೆ ಹೋದರು. ವಕೀಲರ ಹೆಂಡತಿ ಹೆಗಲ ಟವೆಲು ತೆಗೆದು ಮಂಚದ ಮೇಲಿಟ್ಟು, ಅವರ ಹಿಂದೆ ಹೋದರು.

ಮ್ಯಾನೇಜರು ದನಿ ತಗ್ಗಿಸಿದರು. “ನಾಳೆ ಬೆಳಿಗ್ಗೆ ಏನು ಗತಿ? ಯಾರು ಮಾಡ್ತಾರೆ ಇದನ್ನೆಲ್ಲ?”

“ನಾನೇ ಮಾಡ್ತೀನಿ. ಅವ್ವ ಇಲ್ಲೇ ಇರ್ತಾಳೆ. ಸಂಬಳನೂ ಇರುತ್ತೆ.”

“ಜಾಸ್ತಿ ಕೇಳೇ,” ಅಂದಳು ಅವ್ವ.

ಮ್ಯಾನೇಜರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. “ನೋಡೋಣ.”

“ನೋಡೋಣ ಬೇಡ ಸರ್. ಈಗ ಹೇಳಿ.”

ಅವರು ಬಾಗಿಲ ಕಡೆ ನೋಡಿದರು. ವಾರ್ಡಿನ ಆ ತುದಿಯಿಂದ ಒಬ್ಬ ಮುದುಕಿ, “ನನಗೂ ಪ್ಯಾನ್ ಬೇಕು,” ಅಂದಳು. ಅವಳ ಪಕ್ಕದವಳು, “ನನಗೂ,” ಅಂದಳು. ಈಚೆ ಸಾಲಿನವಳು ಮಲಗಿದ್ದಲ್ಲಿಂದಲೇ ಕೈಯೆತ್ತಿದಳು. ಬೇಕಾದವರೂ ಕೇಳಿದರು, ಬೇಡವಾದವರೂ ಕೇಳಿದರು. ವಾರ್ಡಿನ ತುಂಬ ಕೈಗಳೆದ್ದವು. ಬಕೆಟ್ಟಮ್ಮ ಕದಲದೆ ಮ್ಯಾನೇಜರ ಮುಖವನ್ನೇ ನೋಡುತ್ತ ನಿಂತಳು. ಟೀಚರಜ್ಜಿ ಕೂಡ ಮತ್ತೊಮ್ಮೆ ಕೈಯೆತ್ತಿದಳು.

“ಇರ್ಲಿ,” ಅಂದರು ಮ್ಯಾನೇಜರು. “ನಿಮ್ಮಮ್ಮ ಇಲ್ಲೇ ಇರ್ಲಿ.”

ಬಕೆಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೂಲೆಯಲ್ಲಿ ಪೇರಿಸಿಟ್ಟಿದ್ದ ಪ್ಯಾನುಗಳಲ್ಲಿ ಎರಡನ್ನು ತೆಗೆದಳು. ಒಂದನ್ನು ತಾನು ಹಿಡಿದುಕೊಂಡು, ಇನ್ನೊಂದನ್ನು ಮ್ಯಾನೇಜರ ಕೈಗೆ ಕೊಟ್ಟಳು.

“ಆ ಸಾಲು ನಿಮ್ದು ಸರ್.”